ಎರಡು ಮನೆಗೆ ಒಬ್ಬ ಆಯಾ: ಪಗಾರದ ಲೆಕ್ಕ ತಪ್ಪುವುದೆಲ್ಲಿ?

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಕೂಸಿಗೆ ಆರು ತಿಂಗಳು ತುಂಬುತ್ತಿದ್ದಂತೆ ಹೆರಿಗೆ ರಜೆ ಮುಗಿಯುತ್ತದೆ. ಅಂಗನವಾಡಿಯ ಪಾಠ ಶುರುವಾಗಲು ಮೂರು ವರ್ಷ ತುಂಬಬೇಕು. ನಡುವಿನ ಎರಡೂವರೆ ವರ್ಷ ಕೂಸು ಯಾರ ಕೈಯಲ್ಲಿ? ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಯ ಕೂಲಿಯವರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳು ‘ಕೂಸಿನ ಮನೆ’ ತೆರೆದಿವೆ, ಪೇಟೆಯ ನೌಕರರಿಗೆ ಅದಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೊಠಡಿ ಇಡಬೇಕೆಂದು ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ತಂದ ತಿದ್ದುಪಡಿ ಹೇಳಿತು. ಹತ್ತು ಹದಿನೈದು ಜನರ ಕಚೇರಿ, ಅಂಗಡಿ, ಕ್ಲಿನಿಕ್ಕುಗಳಿಗೆ ಅದು ಅನ್ವಯಿಸದು. ಹೀಗಾಗಿ ಕಲಬುರಗಿಯ ಜೇವರ್ಗಿ ರಸ್ತೆ, ಸೇಡಂ ರಸ್ತೆ ಆಸುಪಾಸಿನ ಬಡಾವಣೆಗಳಲ್ಲಿ ಒಂದೇ ಓಣಿಯ ಎರಡು ಮನೆಯವರು ಸೇರಿ ಒಬ್ಬ ಆಯಾಳನ್ನು ಇಟ್ಟುಕೊಳ್ಳುವ ಯೋಚನೆ ಮಾಡುತ್ತಾರೆ. ಇಬ್ಬರಿಗೂ ಖರ್ಚು ಕಡಿಮೆ, ಕೂಸುಗಳಿಗೂ ಜೊತೆ.

ಯೋಚನೆ ಒಳ್ಳೆಯದೇ. ಎಡವುವುದು ಮೊದಲ ಮಾತಿನಲ್ಲೇ: “ಪಗಾರ ಅರ್ಧ ಅರ್ಧ ಹಾಕೋಣ.” ಒಂದು ಕೂಸಿಗೆ ಕೊಡುವ ಪಗಾರವನ್ನೇ ಎರಡು ಮನೆ ಹಂಚಿಕೊಂಡರೆ ಕೂಸುಗಳು ಎರಡಾದರೂ ಆಯಾಗೆ ಒಂದು ಪೈಸೆ ಹೆಚ್ಚಿಗೆ ಸಿಗುವುದಿಲ್ಲ. ಇತ್ತ ಆಕೆಯೂ ಒಂದು ಲೆಕ್ಕ ಹಿಡಿದೇ ಬಂದಿರುತ್ತಾಳೆ: “ಎರಡು ಕೂಸಿಗಿ ಎರಡು ಪಗಾರ ಬೇಕ್ರೀ ಅಕ್ಕೋರೆ.” ಅದಕ್ಕೆ ಒಪ್ಪಿದರೆ ಎರಡು ಮನೆ ಕೂಡುವುದರಲ್ಲಿ ಅರ್ಥವೇ ಉಳಿಯದು. ಈ ಎರಡು ಲೆಕ್ಕಗಳ ನಡುವೆ ಎಲ್ಲೋ ನ್ಯಾಯದ ಅಂಕಿ ಇದೆ. ಅದನ್ನು ಹುಡುಕಬೇಕಾದರೆ ಕೂಸುಗಳನ್ನು ಎಣಿಸುವುದು ಬಿಟ್ಟು ಗಂಟೆಗಳನ್ನು ಎಣಿಸಬೇಕು.

ಒಂಟಿ ಗಂಟೆ, ಜೋಡಿ ಗಂಟೆ

ಒಂದೇ ಕೂಸು ಇರುವ ಗಂಟೆಯನ್ನು ಒಂಟಿ ಗಂಟೆ ಎನ್ನೋಣ, ಎರಡೂ ಇರುವುದನ್ನು ಜೋಡಿ ಗಂಟೆ. ಲೆಕ್ಕಕ್ಕೆಂದು ಒಂಟಿ ಗಂಟೆಗೆ 60 ರೂಪಾಯಿ ಹಿಡಿಯೋಣ. ಎರಡು ಮನೆಯವರು ಬೇರೆ ಬೇರೆ ಆಯಾ ಇಟ್ಟರೆ ಆ ಒಂದು ಗಂಟೆಗೆ ಇಬ್ಬರೂ ಸೇರಿ 120 ರೂಪಾಯಿ ಕೊಡಬೇಕು. ಒಬ್ಬಳನ್ನೇ ಇಟ್ಟು 60 ಕೊಟ್ಟರೆ 60 ರೂಪಾಯಿ ಉಳಿಯುತ್ತದೆ. ಮಾತುಕತೆ ನಡೆಯಬೇಕಾದದ್ದು ಈ ಉಳಿತಾಯದ ಮೇಲೆ. ಅರ್ಧ ಅರ್ಧದ ಲೆಕ್ಕದಲ್ಲಿ ಅಷ್ಟೂ ಎರಡು ಮನೆಗಳ ಜೇಬಿಗೆ ಹೋಗುತ್ತದೆ, ಹೆಚ್ಚಿನ ದುಡಿಮೆ ಮಾತ್ರ ಆಯಾಳದು.

ಜೋಡಿ ಗಂಟೆಗೆ ಒಂಟಿ ದರದ 1.4 ಪಟ್ಟು, ಅಂದರೆ 84 ರೂಪಾಯಿ ಇಟ್ಟುಕೊಂಡರೆ ಆ 60ರಲ್ಲಿ ಆಯಾಗೆ 24, ಪ್ರತಿ ಮನೆಗೆ 18 ಬರುತ್ತದೆ. ಮೂವರಿಗೂ ಪಾಲು, ದುಡಿಯುವವಳಿಗೆ ತುಸು ಹೆಚ್ಚು. 1.4 ಎಂಬುದು ಕಾನೂನಿನ ಅಂಕಿಯಲ್ಲ, ಒಪ್ಪಂದ ಬಾಳಿಕೆ ಬರಲು ಬೇಕಾದ ಅಂದಾಜು. 1.2ಕ್ಕೆ ಇಳಿಸಿದರೆ ಆಕೆ ಒಂದೇ ಕೂಸಿನ ಮನೆ ಹಿಡಿದು, ಉಳಿದ ಹೊತ್ತಿಗೆ ಇನ್ನೆರಡು ಮನೆಯ ಭಾಂಡಿ ತಿಕ್ಕಿ ಹೆಚ್ಚು ಗಳಿಸಬಲ್ಲಳು. ಮೂರನೇ ತಿಂಗಳಿಗೆ ಬಿಟ್ಟು ಹೋಗುತ್ತಾಳೆ. 1.7ಕ್ಕೆ ಏರಿಸಿದರೆ ಮನೆಯವರಿಗೆ ಉಳಿಯುವ ಹಣ ಎರಡು ಮನೆ ಹೊಂದಿಸಿಕೊಳ್ಳುವ ತಾಪತ್ರಯಕ್ಕೆ ಸಾಲದು. ಎರಡೂ ಕೂಸು ವರ್ಷದೊಳಗಿನವಾದರೆ 1.5, ಬೇಕಾದರೆ 1.6 ಕೊಡಬೇಕು. ಆ ವಯಸ್ಸಿನಲ್ಲಿ ಒಂದು ಮಲಗುವ ಹೊತ್ತಿಗೆ ಇನ್ನೊಂದು ಏಳುತ್ತದೆ, ಆಕೆಗೆ ರೊಟ್ಟಿ ಮುರಿಯಲೂ ಪುರಸೊತ್ತಿಲ್ಲ. “ಒಂದು ಕೂಸು ನೋಡ್ಕೋತ ಇನ್ನೊಂದು ನೋಡ್ಕೊಂಡ್ರ ಏನಾಗ್ತದ?” ಎಂದು ಕೇಳುವವರು ಒಂದು ರವಿವಾರ ಎರಡನ್ನೂ ತಾವೇ ನೋಡಿಕೊಂಡರೆ ಉತ್ತರ ಸಿಗುತ್ತದೆ.

ಈಗ ಎರಡು ಮನೆಗಳನ್ನು ತೆಗೆದುಕೊಳ್ಳೋಣ. ಒಂದು ಮನೆಯ ತಾಯಿ ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ. ಆಕೆಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಆಯಾ ಬೇಕು. ಇನ್ನೊಬ್ಬಾಕೆ ಸರ್ಕಾರಿ ಕಚೇರಿಯಲ್ಲಿ. ಆ ಕೂಸನ್ನು 9.30ಕ್ಕೆ ತಂದು ಬಿಡುತ್ತಾರೆ, ಮಧ್ಯಾಹ್ನ 3.30ಕ್ಕೆ ಅಜ್ಜಿ ಬಂದು ಒಯ್ಯುತ್ತಾರೆ. ದಿನಕ್ಕೆ 6 ಜೋಡಿ ಗಂಟೆ, 2 ಒಂಟಿ ಗಂಟೆ. ಜೋಡಿಗೆ 504, ಒಂಟಿಗೆ 120, ಒಟ್ಟು 624 ರೂಪಾಯಿ. ವಾರಕ್ಕೊಂದು ಸೂಟಿ ಬಿಟ್ಟು ತಿಂಗಳಿಗೆ 26 ದಿನ ಹಿಡಿದರೆ 16,224. ಒಂಟಿ ಗಂಟೆಗಳೆಲ್ಲ ಲ್ಯಾಬಿನವರ ಪಾಲಿಗೆ, ಜೋಡಿ ಗಂಟೆ ಸಮಪಾಲು. ಅವರದು 9,672, ಕಚೇರಿಯವರದು 6,552.

ಒಬ್ಬೊಬ್ಬರೇ ಆಯಾ ಇಟ್ಟಿದ್ದರೆ ಲ್ಯಾಬಿನವರಿಗೆ 12,480, ಕಚೇರಿಯವರಿಗೆ 9,360 ಬೀಳುತ್ತಿತ್ತು. ಇಬ್ಬರಿಗೂ ಉಳಿದದ್ದು ಸರಿಯಾಗಿ 2,808. ಆಯಾಗೆ ಒಂಟಿ ಕೂಸಿನ ಪಗಾರಕ್ಕಿಂತ 3,744 ಹೆಚ್ಚು ಬಂತು. “ನಮ್ಮ ಕೂಸು ಕಡಿಮೆ ಹೊತ್ತು ಇರ್ತದ, ನಾವ್ಯಾಕ ಅರ್ಧ ಕೊಡಬೇಕು?” ಎಂಬ ಜಗಳವೂ ಇಲ್ಲಿ ಹುಟ್ಟುವುದಿಲ್ಲ. ಎರಡೂ ಮನೆಯವರು ಕಾಗದದ ಮೇಲೆ ತಮ್ಮ ಗಂಟೆ ಬರೆದುಕೊಂಡು ಈ ಲೆಕ್ಕ ಮಾಡಿ ಮುಗಿಸಿದ ಮೇಲೆ ಆಯಾಳ ಜೊತೆ ಕೂಡಬೇಕು. ಆಕೆಯ ಎದುರಿಗೇ ಇಬ್ಬರು ತಮ್ಮ ತಮ್ಮ ಪಾಲಿಗೆ ಎಳೆದಾಡಿದರೆ ಮಾತು ಕಾಯಿಪಲ್ಯದ ಚೌಕಾಸಿಯಾಗುತ್ತದೆ.

ಇನ್ನು ಆ 60 ಎಲ್ಲಿಂದ ಬಂತು? ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ 2004ರಲ್ಲೇ ದರ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರ ಮೇಲಿನ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಮಾತುಕತೆಗೆ ಮುನ್ನ ಆ ವರ್ಷದ ದರವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ, ನಿಮ್ಮ ಒಂಟಿ ದರ ಅದಕ್ಕಿಂತ ಕೆಳಗಿಲ್ಲ ಎಂದು ನೋಡಿಕೊಳ್ಳಬೇಕು. ಕೆಳಗಿದ್ದರೆ 60 ಅಳಿಸಿ ಆ ಅಂಕಿ ಬರೆಯಬೇಕು. “ನಮ್ಮ ಓಣ್ಯಾಗ ಇಷ್ಟು ಯಾರೂ ಕೊಡಂಗಿಲ್ಲ” ಎಂಬುದು ನಿಜವಿರಬಹುದು. ಓಣಿಯ ದರ ಸಾಮಾನ್ಯವಾಗಿ ಕಸ, ಭಾಂಡಿ, ಅರಿವೆಯ ದರ. ಬೆಳಗಿನಿಂದ ಸಂಜೆವರೆಗೆ ಒಂದು ಜೀವದ ಹೊಣೆ ಹೊರುವುದಕ್ಕೆ ಅದು ಅಳತೆಗೋಲಾಗದು.

ಬೇಸಿಗೆಯಲ್ಲಿ ಲೆಕ್ಕ ಬುಡಮೇಲು

ಬೇರೆ ಊರಿನ ಒಪ್ಪಂದವನ್ನು ಹಾಗೇ ನಕಲು ಮಾಡಿದರೆ ಇಲ್ಲಿ ಏಪ್ರಿಲ್ಲಿಗೆ ಅದು ಮುರಿಯುತ್ತದೆ. ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಏಪ್ರಿಲ್, ಮೇ ತಿಂಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಖಾಸಗಿ ಆಸ್ಪತ್ರೆ, ಬ್ಯಾಂಕುಗಳಿಗೆ ಆ ಆದೇಶ ಇಲ್ಲ. ನಮ್ಮ ಉದಾಹರಣೆಯ ಕಚೇರಿಯ ಮನೆಗೆ ಈಗ 7.30ರಿಂದ 2ರವರೆಗೆ ಆಯಾ ಬೇಕು, ಲ್ಯಾಬಿನ ಮನೆಗೆ ಹಿಂದಿನಂತೆ 9ರಿಂದ 5. ಆಯಾಳ ದಿನ 8 ಗಂಟೆಯಿಂದ ಒಂಬತ್ತೂವರೆಗೆ ಹಿಗ್ಗಿತು, ಜೋಡಿ ಗಂಟೆ ಆರರಿಂದ ಐದಕ್ಕೆ ಇಳಿಯಿತು.

ಕನಿಷ್ಠ ವೇತನದ ನಿಯಮದಲ್ಲಿ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ದರ. ಬೆಳಗಿನ ಒಂದೂವರೆ ಗಂಟೆಗೆ ಗಂಟೆಗೆ 120ರಂತೆ 180 ರೂಪಾಯಿ, ಅದು ದಿನವನ್ನು ಹಿಗ್ಗಿಸಿದ ಮನೆಯ ಪಾಲಿಗೆ. ಐದು ಜೋಡಿ ಗಂಟೆಯಲ್ಲಿ ತಲಾ 210. ಲ್ಯಾಬಿನವರ ಮೂರು ಒಂಟಿ ಗಂಟೆಗೆ 180. ಎರಡೂ ಮನೆಗೆ ದಿನಕ್ಕೆ 390, ಒಟ್ಟು 780. ಕಚೇರಿಯವರು ಒಬ್ಬರೇ ಆಯಾ ಇಟ್ಟಿದ್ದರೂ ಆರೂವರೆ ಗಂಟೆಗೆ ಇದೇ 390 ಆಗುತ್ತಿತ್ತು. ಅಂದರೆ ಈ ಎರಡು ತಿಂಗಳು ಅವರಿಗೆ ಪಾಲುದಾರಿಕೆಯಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ಮೊದಲೇ ಮಾತಾಡಿರದಿದ್ದರೆ ಏಪ್ರಿಲ್ ಮೊದಲ ವಾರದಲ್ಲಿ ಆ ಮನೆಯವರು “ಒಂದೂವರೆ ತಾಸು ಮುಂಚೆ ಬಾ ಅಂದ್ರ ಇಷ್ಟು ರೊಕ್ಕಾನಾ?” ಎಂದು ತಗಾದೆ ತೆಗೆಯುತ್ತಾರೆ, ಅಥವಾ ಆಯಾ ಪುಕ್ಕಟೆ ಬರುತ್ತಾ ಬರುತ್ತಾ ಮೇ ಹೊತ್ತಿಗೆ ಬರುವುದನ್ನೇ ನಿಲ್ಲಿಸುತ್ತಾಳೆ.

ದಾರಿ ಇದೆ. ಮಧ್ಯಾಹ್ನ ಕೂಸನ್ನು ಒಯ್ಯುತ್ತಿದ್ದ ಅಜ್ಜಿಗೆ ಆ ಎರಡು ತಿಂಗಳು ಬೆಳಗಿನ ಹೊತ್ತು ಕೊಟ್ಟು, 9ಕ್ಕೆ ತಂದು ಬಿಟ್ಟು 2ಕ್ಕೆ ತಾಯಿಯೇ ಒಯ್ದರೆ ಆಯಾಳ ದಿನ ಎಂಟೇ ಗಂಟೆ. ಆಗ ಲೆಕ್ಕ 600 ರೂಪಾಯಿಗೆ ಇಳಿಯುತ್ತದೆ. ಆ 24 ರೂಪಾಯಿ ಕಡಿತ ಮಾಡದೆ 624ನ್ನೇ ಮುಂದುವರಿಸುವುದು ಒಳ್ಳೆಯದು. ತಿಂಗಳ ಪಗಾರ ಮೇಲೆ ಕೆಳಗೆ ಆಡುತ್ತಿದ್ದರೆ ಆಕೆ ಮನೆ ಬಾಡಿಗೆ, ಸಂಘದ ಕಂತು ಕಟ್ಟುವುದು ಹೇಗೆ?

ಬಿಸಿಲಿಗೆ ಇನ್ನೊಂದು ಮುಖವಿದೆ. ಯಾರ ಮನೆಯಲ್ಲಿ ಕೂಸುಗಳು ಇರುತ್ತವೋ ಅವರ ಕೂಲರ್ ದಿನವಿಡೀ ತಿರುಗುತ್ತದೆ, ಗ್ಯಾಸ್, ನೀರು, ಸಾಬೂನು ಖರ್ಚಾಗುತ್ತದೆ. ಇದನ್ನು ಆಯಾಳ ಪಗಾರದ ಪಾಲಿನಲ್ಲಿ ಮುರಿದುಕೊಳ್ಳಬಾರದು. ಎರಡು ಮನೆಗಳ ನಡುವೆ ಪ್ರತ್ಯೇಕ ಲೆಕ್ಕ ಇಡಬೇಕು. ಹಿಂದಿನ ತಿಂಗಳುಗಳ ವಿದ್ಯುತ್ ಬಿಲ್ಲಿಗೆ ಹೋಲಿಸಿ ಹೆಚ್ಚಾದದ್ದರ ಅರ್ಧ ಕೊಟ್ಟರೆ ಸಾಕು. ಮನೆ ಬದಲಾಯಿಸುವುದಿದ್ದರೆ ತಿಂಗಳಿಗೊಮ್ಮೆ ಬದಲಾಯಿಸಲಿ. ದಿನಕ್ಕೊಂದು ಮನೆ ಮಾಡಿದರೆ ಕೂಸುಗಳ ನಿದ್ದೆಯೂ ಕೆಡುತ್ತದೆ, ಬಾಟಲಿ ಇಲ್ಲೊಂದು ಮುಚ್ಚಳ ಅಲ್ಲೊಂದಾಗುತ್ತದೆ.

ಸೂಟಿ, ಹಬ್ಬ, ರಾಶಿ

ವಾರದ ಸೂಟಿ ಬಿಟ್ಟು ತಿಂಗಳಿಗೆ ಒಂದೂವರೆ ದಿನದಂತೆ ವರ್ಷಕ್ಕೆ 18 ದಿನ ಪಗಾರಸಹಿತ ರಜೆ ಕೊಟ್ಟರೆ ನ್ಯಾಯ. ಅದು ಯಾವಾಗ ಬೇಕಾಗುತ್ತದೆ ಎಂಬುದು ಈ ಭಾಗದಲ್ಲಿ ಊಹಿಸಲಾಗದ ಸಂಗತಿಯೇನಲ್ಲ. ನಾಗರ ಪಂಚಮಿಗೆ ತವರು, ಎಳ್ಳ ಅಮಾವಾಸ್ಯೆಗೆ ಹೊಲ, ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ರಂಜಾನ್. ಊರಲ್ಲಿ ತುಂಡು ಹೊಲವಿದ್ದರೆ ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಗೆ ನಾಲ್ಕೈದು ದಿನ. ಇವನ್ನು ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಆ ದಿನಗಳಿಗೆ ಎರಡು ಮನೆಯವರು ಸರದಿಯ ಮೇಲೆ ತಮ್ಮ ರಜೆ ಹಾಕಬೇಕು. ಉಪವಾಸ ಹಿಡಿಯುವವರಿದ್ದರೆ ಆ ತಿಂಗಳು ಇಫ್ತಾರ್ ಹೊತ್ತಿಗೆ ಆಕೆ ತನ್ನ ಮನೆಯಲ್ಲಿರುವಂತೆ ಬಿಡುಗಡೆಯ ವೇಳೆ ಇಡಬೇಕು.

ಇದಕ್ಕಿಂತ ಹೆಚ್ಚು ಜಗಳ ತರುವುದು ಮನೆಯವರ ಸೂಟಿ. ಒಂದು ಮನೆಯವರು ಹದಿನೈದು ದಿನ ಊರಿಗೆ ಹೋದರು. ಬಂದ ಮೇಲೆ “ನಮ್ಮ ಕೂಸು ಇರಲೇ ಇಲ್ಲಲ್ಲ” ಎಂದು ಅರ್ಧ ಪಗಾರ ಕಡಿತ. ಆಯಾ ಮಾತ್ರ ಇನ್ನೊಂದು ಕೂಸಿಗಾಗಿ ದಿನವೂ ಬಂದಿದ್ದಾಳೆ, ಬೇರೆ ಕೆಲಸ ಹಿಡಿಯಲು ಆಗಿಲ್ಲ. ಪ್ಲೇ ಸ್ಕೂಲಿಗೆ ಕೂಸು ಹೋಗದ ವಾರದ ಫೀ ಯಾರೂ ವಾಪಸ್ ಕೇಳುವುದಿಲ್ಲ, ಇದೂ ಹಾಗೆಯೇ. ಕೊಡುವ ಹಣ ಆಕೆ ಕಾದಿಟ್ಟ ಹೊತ್ತಿಗೆ. ಕೂಸಿಗೆ ಜ್ವರವೆಂದು ಮನೆಯಲ್ಲಿ ಉಳಿಸಿಕೊಂಡ ದಿನಕ್ಕೂ ಇದೇ ನಿಯಮ. ಜ್ವರ, ವಾಂತಿ ಭೇದಿ, ಮೈಮೇಲೆ ಗುಳ್ಳೆ ಇದ್ದರೆ ಆ ಕೂಸನ್ನು ಕಳಿಸಬಾರದು ಎಂದೂ ಬರೆದಿಡಬೇಕು. ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಆಯಾಳ ಮನೆಯ ಮಕ್ಕಳಿಗೆ ಹಬ್ಬುತ್ತದೆ.

ಪಗಾರದ ಆಚೆಗೆ

ಹಬ್ಬದ ಬೋನಸ್ ಒಂದು ತಿಂಗಳ ಪಗಾರ, ಯಾವ ಹಬ್ಬಕ್ಕೆ ಎಂಬುದು ಆಕೆಯ ಆಯ್ಕೆ. ಎರಡೂ ಮನೆ ತಮ್ಮ ಪಾಲಿನಷ್ಟು ಕೊಟ್ಟರೆ ಅದು ಇಡಿಯಾಗುತ್ತದೆ. ಒಂದು ಮನೆ ರೊಕ್ಕ, ಇನ್ನೊಂದು ಮನೆ ಹಳೆಯ ಸೀರೆ ಕೊಟ್ಟರೆ ಅದು ಬೋನಸ್ ಅಲ್ಲ.

ಗ್ರಾಚ್ಯುಟಿ ಕಾನೂನು ಮನೆಯ ಆಯಾಗಳನ್ನು ಮುಟ್ಟುವುದಿಲ್ಲ. ಆದರೂ ಅದರ ಸೂತ್ರ ಬಳಸಿಕೊಳ್ಳಬಹುದು: ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಪಗಾರ. 624ರಂತೆ 9,360, ತಿಂಗಳಿಗೆ 780. ಲ್ಯಾಬಿನವರು 465, ಕಚೇರಿಯವರು 315 ಹಾಕಿ ಆಕೆಯ ಹೆಸರಲ್ಲೇ ಅಂಚೆ ಕಚೇರಿಯ ಆರ್.ಡಿ. ಮಾಡಿಸಿದರೆ ಬಿಟ್ಟು ಹೋಗುವ ದಿನ ಚಿಲ್ಲರೆ ಹುಡುಕಬೇಕಿಲ್ಲ.

ವಿಮೆ ಅಗ್ಗ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ. ಜೀವನ ಜ್ಯೋತಿ 436 ರೂಪಾಯಿಗೆ 2 ಲಕ್ಷದ ಜೀವ ವಿಮೆ, 18ರಿಂದ 50 ವರ್ಷದೊಳಗೆ ಸೇರಬೇಕು. ಎರಡಕ್ಕೂ ಸೇರಿ ಮನೆಗೆ 228. ತಪ್ಪುವುದು ಎಲ್ಲೆಂದರೆ, ಎರಡರ ವರ್ಷವೂ ಜೂನ್ 1ರಿಂದ ಮೇ 31. ಮೇ ಕೊನೆಗೆ ಖಾತೆಯಲ್ಲಿ ಹಣ ಇರದಿದ್ದರೆ ಕಂತು ಕಡಿತವಾಗದೆ ವಿಮೆ ನಿಂತುಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ ಕೊಡುವ ಪಗಾರವನ್ನಾದರೂ ಆ ಖಾತೆಗೇ ಹಾಕಬೇಕು. ಪಿಂಚಣಿಗೆ ಶ್ರಮಯೋಗಿ ಮಾನಧನ ಎಂದು ಅನೇಕರು ಸಲಹೆ ಕೊಡುತ್ತಾರೆ. ಅದಕ್ಕೆ ತಿಂಗಳ ಆದಾಯ 15,000 ಮೀರಬಾರದು, ನಮ್ಮ ಉದಾಹರಣೆಯ 16,224 ಮೀರಿತು. 40 ದಾಟದವರಿಗೆ, ಆದಾಯ ತೆರಿಗೆ ಕಟ್ಟದವರಿಗೆ ಅಟಲ್ ಪಿಂಚಣಿ ಇದೆ. 59 ವರ್ಷದವರೆಗೆ ಅಸಂಘಟಿತ ಕಾರ್ಮಿಕರ ಪಟ್ಟಿಯಾದ ಇ-ಶ್ರಮ್‌ನಲ್ಲಿ ನೋಂದಣಿ ಮಾಡಿಸಬಹುದು.

ಸೇಡಂ ರಸ್ತೆಯಲ್ಲಿ ನೌಕರರ ವಿಮೆಯ ಅಷ್ಟು ದೊಡ್ಡ ಇಎಸ್ಐಸಿ ಆಸ್ಪತ್ರೆ ಇದೆ. ಪಕ್ಕದ ಬಡಾವಣೆಯಲ್ಲಿ ದುಡಿಯುವ ಆಯಾಗೆ ಇಎಸ್ಐ ಕಾರ್ಡಿಲ್ಲ, ಏಕೆಂದರೆ ಅದು ಹತ್ತು ಮತ್ತು ಹೆಚ್ಚು ಜನ ದುಡಿಯುವ ಸಂಸ್ಥೆಗಳ ವ್ಯವಸ್ಥೆ. ಆಕೆಯ ಆಸರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ಅದರಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ವೆಚ್ಚದ ಶೇ 30, ಅದೂ 1.5 ಲಕ್ಷದವರೆಗೆ. ಬ್ಯಾಂಕಿಗೆ ಪಗಾರ ಹಾಕುತ್ತೇವೆ ಎಂದಾಗ ಅನೇಕರು “ಕೈಯಾಗೇ ಕೊಡ್ರಿ” ಎನ್ನುವುದರ ಗುಟ್ಟು ಇಲ್ಲಿದೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯದ ಮಿತಿ ವರ್ಷಕ್ಕೆ 1.20 ಲಕ್ಷ, ತಿಂಗಳಿಗೆ 10,000 ದಾಟಿದ ಯಾವ ಪಗಾರವೂ ಅದನ್ನು ಮೀರುತ್ತದೆ. ಕನಿಷ್ಠ ವೇತನ ಕೊಡಬೇಕು ಎನ್ನುವ ಸರ್ಕಾರವೇ ಇಷ್ಟು ಕಡಿಮೆ ಮಿತಿ ಇಟ್ಟಿರುವುದು ಈ ವಿಷಯದ ದೊಡ್ಡ ಗಂಟು. ಮನೆಯವರು ಅದನ್ನು ಬಿಚ್ಚಲಾರರು. ಆದರೆ ಆಕೆಯ ಹೆದರಿಕೆಯನ್ನು ಹಟ ಎಂದುಕೊಳ್ಳದೆ, ಪಗಾರ ಏರಿದರೆ ಏನು ಕೈತಪ್ಪಬಹುದು ಎಂಬುದನ್ನು ಮೊದಲೇ ಕೂತು ಹೇಳಬಹುದು. ನಗದು ಕೊಟ್ಟರೂ ದಿನಾಂಕ, ಮೊತ್ತ, ಸಹಿ ಇರುವ ಪುಸ್ತಕ ಬೇಕೇ ಬೇಕು.

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮನೆಗೆಲಸದವರ ರಕ್ಷಣೆಗೆ ಕಾನೂನು ಬೇಕೇ ಎಂದು ಪರಿಶೀಲಿಸಲು ಸಮಿತಿ ಮಾಡುವಂತೆ ಕೇಂದ್ರಕ್ಕೆ ಹೇಳಿತು. ಅದೇ ವರ್ಷ ರಾಜ್ಯ ಸರ್ಕಾರ ನೋಂದಣಿ, ಪಗಾರದ ಮೇಲೆ ಶೇ 5ರವರೆಗಿನ ಕಲ್ಯಾಣ ಶುಲ್ಕ ಸೇರಿದ ಕರಡು ಮಸೂದೆ ತಂದಿತು. ಅಂಥ ಕಾನೂನು ಜಾರಿಯಾದರೆ ಎರಡು ಮನೆಯಲ್ಲಿ ಮಾಲೀಕರು ಯಾರು, ಶುಲ್ಕ ಯಾರದು ಎಂಬ ಪ್ರಶ್ನೆ ಏಳುವುದು ಖಚಿತ. ಗಂಟೆಯ ಲೆಕ್ಕ ಇಟ್ಟವರಿಗೆ ಉತ್ತರ ಕೈಯಲ್ಲೇ ಇರುತ್ತದೆ.

ಚೀಟಿಯಲ್ಲಿ ಏನಿರಬೇಕು

ಒಂದೇ ಪುಟ ಸಾಕು, ಕನ್ನಡದಲ್ಲಿ. ಓದಲು ಬಾರದವರಿಗೆ ಅವರ ಮಾತಿನಲ್ಲಿ, ದಖ್ಖನಿಯಾದರೆ ದಖ್ಖನಿಯಲ್ಲಿ, ಆಕೆ ನಂಬುವ ಒಬ್ಬರ ಎದುರು ಓದಿ ಹೇಳಬೇಕು. ಪಗಾರದ ತಾರೀಖು ಎರಡು ಮನೆಗೂ ಒಂದೇ ಇರಲಿ, 5 ಎಂದರೆ 5. ಒಬ್ಬರು 3ಕ್ಕೆ, ಒಬ್ಬರು 18ಕ್ಕೆ ಕೊಟ್ಟರೆ ಆಕೆ ಪ್ರತಿ ತಿಂಗಳು ಹದಿನೈದು ದಿನ ಅರ್ಧ ಪಗಾರದಲ್ಲಿ ಬದುಕುತ್ತಾಳೆ. ಕೆಲಸ ಯಾವುದು ಎಂದು ಹೆಸರಿಸಬೇಕು: ಉಣಿಸುವುದು, ಸ್ನಾನ, ಕೂಸಿನ ಅರಿವೆ, ಬಾಟಲಿ ಕುದಿಸುವುದು. ಯಾವುದು ಅಲ್ಲ ಎಂಬುದನ್ನೂ. “ಕೂಸು ಮಲಗ್ಯಾದಲ್ಲ, ನಾಲ್ಕು ರೊಟ್ಟಿ ಬಡೀ ಯಕ್ಕಾ” ಎಂಬಲ್ಲಿಂದ ಶುರುವಾಗಿ ಇಡೀ ಅಡಿಗೆ ಮನೆ ಆಕೆಯ ತಲೆಗೆ ಬರುತ್ತದೆ, ಇನ್ನೊಂದು ಮನೆಯವರಿಗೆ ಅದು ತಿಳಿದ ದಿನ ಜಗಳ. ಆಕೆಗೆ ಸೂಚನೆ ಕೊಡುವುದು ಒಬ್ಬರೇ, ಎರಡು ಮನೆಯವರು ಮೊದಲು ತಮ್ಮೊಳಗೆ ಮಾತಾಡಿಕೊಳ್ಳಬೇಕು. ಸಕ್ಕರೆ ಕೊಡಬೇಕೋ ಬೇಡವೋ, ಮೊಬೈಲ್ ತೋರಿಸಬಹುದೋ ಎಂಬುದಕ್ಕೆ ಎರಡು ಉತ್ತರ ಇದ್ದರೆ ಆಕೆ ಎರಡನ್ನೂ ಪಾಲಿಸಲಾರಳು.

ಮಧ್ಯಾಹ್ನದ ಊಟ ಕೊಡುವುದಾದರೆ ಪಗಾರದಲ್ಲಿ ಹಿಡಿಯಬಾರದು. ಕೂಸನ್ನು ಎದೆಗವಚಿಕೊಳ್ಳುವವಳಿಗೆ ಬೇರೆ ತಾಟು, ಬೇರೆ ಲೋಟ ಇಡುವ ಚಾಳಿ ಇನ್ನೂ ಕೆಲವು ಮನೆಯಲ್ಲಿದೆ; ಶೌಚಾಲಯಕ್ಕೆ ಹೊರಗೆ ಕಳಿಸುವುದೂ. ಇದು ಪಗಾರ ಏರಿಸಿ ತೀರಿಸುವ ಬಾಕಿಯಲ್ಲ. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಟಿಕೆಟ್ ಖರ್ಚಿಲ್ಲ, ಆದರೆ ಬಸ್ಸಿಳಿದು ಬಡಾವಣೆಯವರೆಗಿನ ಟಂಟಂ ಖರ್ಚು ಕೇಳಿಕೊಳ್ಳಬೇಕು. ಕ್ಯಾಮೆರಾ ಹಾಕಿದ್ದರೆ ಎಲ್ಲಿ ಎಂದು ಹೇಳಬೇಕು. ಆಕೆಗೆ ಕಿರುಕುಳವಾದರೆ 2013ರ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ಸಾಲು ಚೀಟಿಯಲ್ಲಿರುವುದಕ್ಕೆ ಹಿಂಜರಿಕೆ ಬೇಡ. ತಾಂಡಾದಿಂದ ಕರೆತಂದ ಹನ್ನೆರಡು ಹದಿಮೂರರ ಹುಡುಗಿಯ ಕೈಗೆ ಎರಡು ಕೂಸು ಕೊಡುವುದು ಒಪ್ಪಂದದ ಮಾತೇ ಅಲ್ಲ, 14ರೊಳಗಿನವರನ್ನು ದುಡಿಸುವುದು ಅಪರಾಧ.

ಮುಂಗಡ ಕೇಳಿದಾಗ ಎರಡು ಮನೆಯೂ ಒಬ್ಬರಿಗೊಬ್ಬರು ಹೇಳದೆ ಕೊಟ್ಟುಬಿಡುವುದುಂಟು. ಆಮೇಲೆ ಇಬ್ಬರೂ ಮುರಿದುಕೊಳ್ಳತೊಡಗಿದರೆ ಕೈಗೆ ಬರುವುದು ಅರ್ಧ. ಎರಡು ಮನೆ ಸೇರಿ ಒಂದೇ ಮುಂಗಡ, ತಿಂಗಳಿಗೆ ಪಗಾರದ ಹತ್ತನೇ ಒಂದಕ್ಕಿಂತ ಹೆಚ್ಚು ಕಡಿತವಿಲ್ಲ ಎಂದಿರಲಿ. ಮುಂಗಡ ತೀರುವವರೆಗೆ ಬಿಡುವಂತಿಲ್ಲ ಎಂದು ಕಟ್ಟಿ ಹಾಕುವುದು 1976ರ ಕಾನೂನಿನ ಪ್ರಕಾರ ಜೀತ.

ಕೊನೆಗೆ, ಒಪ್ಪಂದಗಳು ಮುರಿಯುವುದು ಬಹುತೇಕ ಜೂನ್ ಆಸುಪಾಸಿನಲ್ಲಿ: ಒಂದು ಮನೆಗೆ ವರ್ಗಾವಣೆ ಆದೇಶ ಬರುತ್ತದೆ, ಇಲ್ಲವೇ ಆ ಕೂಸು ಶಾಲೆಗೆ ಸೇರುತ್ತದೆ. ಮರುದಿನವೇ ಆಯಾಳ 16,224 ಇನ್ನೊಂದು ಮನೆಯ ಪಾಲಿಗೆ, 9,672ಕ್ಕೆ ಇಳಿಯಬಾರದು. ಬಿಡುವ ಮನೆ ಒಂದು ತಿಂಗಳು ಮುಂಚೆ ತಿಳಿಸಬೇಕು, ತಿಳಿಸದಿದ್ದರೆ ಆ ತಿಂಗಳ ತನ್ನ ಪಾಲು ಕೊಟ್ಟು ಹೋಗಬೇಕು. ಉಳಿದ ಮನೆ ಆ ತಿಂಗಳಲ್ಲಿ ಇನ್ನೊಂದು ಜೊತೆ ಹುಡುಕಬೇಕು. ಸಿಗದಿದ್ದರೆ ಒಂಟಿ ದರದ ಪೂರ್ತಿ 12,480 ಕೊಡಬೇಕು, ಅಥವಾ ಆಕೆಗೆ ಬೇರೆ ಕೆಲಸ ಹುಡುಕಲು ಅದೇ ತಿಂಗಳಲ್ಲಿ ಹೇಳಬೇಕು. ಬಿಡುವ ದಿನ ಉಳಿದ ರಜೆಯ ಹಣ, ಆರ್.ಡಿ. ಪಾಸ್‌ಬುಕ್, ಜೊತೆಗೆ ಎಷ್ಟು ವರ್ಷ, ಯಾವ ವಯಸ್ಸಿನ ಎರಡು ಕೂಸುಗಳನ್ನು ನೋಡಿಕೊಂಡಳು ಎಂದು ಎರಡೂ ಮನೆಯವರು ಸಹಿ ಮಾಡಿದ ಪತ್ರ ಆಕೆಯ ಕೈಗೆ ಹೋಗಬೇಕು. ಮುಂದಿನ ಮನೆಯಲ್ಲಿ ದರ ಕೇಳುವಾಗ ಆ ಪತ್ರವನ್ನೇ ಆಕೆ ಮುಂದಿಡುತ್ತಾಳೆ.